ಚಿಗರಿಗೆ ಇಟ್ಟ ಪರೀಕ್ಷೆ

ಮನೆಯ ನಾಯಿಗೆ ಮರೆವು ಹತ್ತಿದೆ ಎಂದು ಹುನ್ನೂರಿನ ಶಂಕ್ರೆವ್ವ ಒಪ್ಪಿಕೊಂಡದ್ದು ಅದು ಅವಳನ್ನೇ ನೋಡಿ ಬೊಗಳಿದ ದಿನ.

ಚಿಗರಿ ಮುಧೋಳ ತಳಿಯ ಹೆಣ್ಣುನಾಯಿ. ಉದ್ದ ಕಾಲು, ಹಿಡಿಯಲ್ಲಿ ಹಿಡಿಯಬಹುದಾದಂಥ ನಡ. ಕಬ್ಬಿನ ಗದ್ದೆಯ ಬದುವಿನ ಮೇಲೆ ಅದು ಓಡಿದರೆ ನೋಡಿದವರು ಮಾತು ನಿಲ್ಲಿಸುತ್ತಿದ್ದರು. ಆ ಓಟ ನೋಡಿಯೇ ಶಂಕ್ರೆವ್ವನ ಗಂಡ ಚನಮಲ್ಲಪ್ಪ ಜಿಂಕೆಗೆ ಹೋಲಿಸಿ ಅದಕ್ಕೆ ಚಿಗರಿ ಎಂದು ಹೆಸರಿಟ್ಟಿದ್ದ. ಈಗ ಅದರ ಮೂತಿಯ ಕೂದಲು ಬೆಳ್ಳಗಾಗಿತ್ತು. ಕೆಲವು ತಿಂಗಳಿಂದ ಬಾಗಿಲ ಹಿಂದಿನ ಮೂಲೆಗೆ ಹೋಗಿ ಗೋಡೆಗೆ ಮೂತಿ ಹಚ್ಚಿ ನಿಲ್ಲುತ್ತಿತ್ತು, ಹಿಂದಕ್ಕೆ ಸರಿದು ಹೊರಬರುವುದು ಹೇಗೆಂದು ಅದಕ್ಕೆ ತಿಳಿಯುತ್ತಿರಲಿಲ್ಲ. ಉಂಡ ತಾಟಿನ ಮುಂದೆಯೇ ಮತ್ತೆ ಊಟಕ್ಕೆ ಕಾಯುತ್ತ ಕೂರುತ್ತಿತ್ತು. ಆ ದಿನ ಶಂಕ್ರೆವ್ವ ಹಿತ್ತಲಿನಿಂದ ಕೊಡ ಹೊತ್ತು ಒಳಗೆ ಬಂದರೆ, ಯಾರೋ ಕಳ್ಳರು ಬಂದಂತೆ ಹಲ್ಲು ಬಿಟ್ಟು ಬೊಗಳಿತು. ಮೊಲೆಬಿಟ್ಟ ಮರಿಯಾಗಿದ್ದಾಗಿನಿಂದ ತನ್ನ ಕೈಯಿಂದಲೇ ಹಾಲು ರೊಟ್ಟಿ ತಿಂದ ಜೀವ. ಶಂಕ್ರೆವ್ವ ಕೊಡ ಇಳಿಸಿ ಅಲ್ಲೇ ಕೂತುಬಿಟ್ಟಳು.

"ಕಣ್ಣ ಮಂಜಾಗ್ಯಾವ, ಗುರುತು ಸಿಕ್ಕಿಲ್ಲ, ಅಷ್ಟ," ಎಂದ ಚನಮಲ್ಲಪ್ಪ. "ಅದಕ್ಕ ಯಾಕ ಕಣ್ಣಾಗ ನೀರ ತರತಿ?"

ಅವಳ ಕಣ್ಣಲ್ಲಿ ನೀರು ಬಂದದ್ದು ನಾಯಿಯ ಸಲುವಾಗಿ ಮಾತ್ರ ಅಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹಿಂದಿನ ವಾರ ಬೀಳಗಿಯಿಂದ ಅಮಸಿದ್ದಪ್ಪ ಬಂದಿದ್ದ. ಗಂಡನ ಬಾಲ್ಯದ ಗೆಳೆಯ, ಕುಸ್ತಿಯ ಜೊತೆಗಾರ. ಅವನು ಹೊಸ್ತಿಲು ದಾಟುತ್ತಿದ್ದಂತೆ ಚನಮಲ್ಲಪ್ಪನ ಮುಖದ ಮೇಲೆ ಬರೀ ಮರ್ಯಾದೆಯ ನಗು ಕಂಡಿತು, ಹೆಸರು ಬರಲಿಲ್ಲ. ಒಳಗಿನಿಂದಲೇ ಶಂಕ್ರೆವ್ವ ದನಿ ಏರಿಸಿದ್ದಳು: "ಬರ್ರಿ ಬರ್ರಿ ಅಮಸಿದ್ದಪ್ಪಣ್ಣಾರ, ಬೀಳಗಿ ಬಿಟ್ಟು ಎಷ್ಟೊತ್ತಾತು?" ಆಗ ಚನಮಲ್ಲಪ್ಪ, "ಬಾರಲೇ ಅಮಸಿದ್ದ್ಯಾ!" ಎಂದು ಎದ್ದು ಅಪ್ಪಿಕೊಂಡಿದ್ದ. ಮದುವೆ ಮನೆಗಳಲ್ಲಿ, ಜಮಖಂಡಿಯ ಸಂತೆಯಲ್ಲಿ, ವರ್ಷದಿಂದ ಅವಳು ಮಾಡುತ್ತಿದ್ದ ಕೆಲಸ ಇದೇ. ಒಂದು ಹೆಜ್ಜೆ ಹಿಂದೆ ನಿಂತು ಅವನ ಕೈಗೆ ಹೆಸರು ಎತ್ತಿ ಕೊಡುವುದು. ಮಗನಿಗಾಗಲಿ ಸೊಸೆಗಾಗಲಿ ಇದು ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ ಎಂದು ಅವಳು ತಿಳಿದಿದ್ದಳು.

ಮಗ ಪರಮಾನಂದ ಜಮಖಂಡಿಯ ದನದ ದವಾಖಾನೆಯಲ್ಲಿ ವಿಚಾರಿಸಿದಾಗ ಅವರು ಡಾಕ್ಟರ್ ಭಾಗ್ಯಾಳ ನಂಬರು ಕೊಟ್ಟರು. ಅವಳು ತೇರದಾಳದ ಜೈನರ ಮನೆಯ ಮಗಳು, ಪಶುವೈದ್ಯೆ. ಮುದಿನಾಯಿಗಳ ಮರೆವಿನ ಮೇಲೆ ಸಂಶೋಧನೆ ಮಾಡುತ್ತ ಮುಧೋಳ, ಬೀಳಗಿ, ಜಮಖಂಡಿ ಕಡೆಯ ಹಳ್ಳಿಗಳನ್ನೆಲ್ಲ ಸ್ಕೂಟರಿನ ಮೇಲೆ ಸುತ್ತುತ್ತಿದ್ದಳು. ಫೋನು ಮಾಡಿದ ಎರಡನೇ ದಿನಕ್ಕೆ ಬಂದಳು. ಚೀಲದಿಂದ ಒಂದೇ ಬಣ್ಣದ ಮೂರು ಪ್ಲಾಸ್ಟಿಕ್ ಬಟ್ಟಲು ತೆಗೆದು ಪಡಸಾಲೆಯಲ್ಲಿ ಬೋರಲು ಹಾಕಿದಳು.

"ಇದೇನವ್ವಾ, ನಮ್ಮ ನಾಯಿಗಿ ಸಾಲಿ ಹಚ್ಚಾಕ ಬಂದಿಯೇನು?" ಚನಮಲ್ಲಪ್ಪ ನಕ್ಕ.

"ಹೌದ್ರಿ ಅಜ್ಜಾರ, ಇದು ವಯಸ್ಸಾದವರ ಸಾಲಿ," ಭಾಗ್ಯಾಳೂ ನಕ್ಕಳು. "ಒಂದು ಬಟ್ಟಲದಾಗ ತುಪ್ಪ ಸವರಿದ ರೊಟ್ಟಿ ತುಣುಕ ಇಡೂದು. ಅದು ನೋಡತಿರಬೇಕು. ಆಮ್ಯಾಲ ಒಂದೀಟ ಹೊತ್ತು ಕಣ್ಣ ಮುಚ್ಚಿ ಬಿಡೂದು. ಎಲ್ಲಿ ಇಟ್ಟಿದ್ರು ಅಂತ ನೆನಪಿಟ್ಟು ಹುಡುಕತೈತೇನು ಅಂತ ನೋಡೂದು. ವಾಸನಿ ಹಿಡದು ಹೋಗಬಾರದಂತ ಮೂರಕ್ಕೂ ತುಪ್ಪ ಸವರೇನಿ."

ಅಪರಿಚಿತಳ ಕೈಗೆ ಚಿಗರಿ ಒಗ್ಗಲಿಲ್ಲ. ಹಾಗಾಗಿ ರೊಟ್ಟಿ ಇಡುವ ಕೆಲಸ ಚನಮಲ್ಲಪ್ಪನ ಪಾಲಿಗೆ ಬಂತು. ನಾಯಿ ತನ್ನ ಮುಖ ನೋಡಿ ಸುಳಿವು ಹಿಡಿಯಬಾರದೆಂದು ಭಾಗ್ಯಾ ಗೋಡೆಯ ಕಡೆ ತಿರುಗಿ ನಿಂತಳು. ಅವನು ಇಟ್ಟ, ಬಟ್ಟಲು ಮುಚ್ಚಿದ, ಟವೆಲಿನಿಂದ ಚಿಗರಿಯ ಕಣ್ಣು ಮುಚ್ಚಿದ. ಬಿಟ್ಟಾಗ ಚಿಗರಿ ಬಟ್ಟಲುಗಳ ನಡುವೆ ಸುಮ್ಮನೆ ಹಾದು ಹೋಗಿ ಅದೇ ಬಾಗಿಲ ಮೂಲೆಯಲ್ಲಿ ನಿಂತಿತು.

"ಯಾವುದರಾಗ ಇಟ್ಟಿದ್ರಿ ಅಜ್ಜಾರ?"

"ಈ ಕಡೀದು," ಎಂದು ಅವನು ಎಡಗಡೆಯದನ್ನು ಎತ್ತಿದ. ಬರಿದು. "ನಿನ್ನ ಬಟ್ಟಲಾ ಎಲ್ಲಾ ಒಂದ ನಮೂನಿ ಅದಾವ ನೋಡವ್ವಾ!" ಎಲ್ಲರೂ ನಕ್ಕರು. ಎರಡನೇ ಸಲವೂ ಹಾಗೇ ಆಯಿತು. ಆಗ ನಕ್ಕವನು ಅವನೊಬ್ಬನೇ. ಮೂರನೇ ಸಲ ಭಾಗ್ಯಾ ಕೇಳಿದಾಗ ಅವನು ಬಟ್ಟಲುಗಳನ್ನು ನೋಡಲಿಲ್ಲ, ಹೆಂಡತಿಯ ಮುಖ ನೋಡಿದ. ಕಂಬಕ್ಕೆ ಒರಗಿದ್ದ ಶಂಕ್ರೆವ್ವ ರೂಢಿಯಂತೆ ಕಣ್ಣಿನಲ್ಲೇ ನಡುವಿನ ಬಟ್ಟಲು ತೋರಿಸಿಬಿಟ್ಟಳು.

"ನಡುವಿಂದು," ಎಂದ ಚನಮಲ್ಲಪ್ಪ. ರೊಟ್ಟಿ ಅಲ್ಲಿತ್ತು. ಭಾಗ್ಯಾ ಅಷ್ಟರಲ್ಲಿ ಇತ್ತ ತಿರುಗಿಯಾಗಿತ್ತು.

ಊಟಕ್ಕೆ ಶಂಕ್ರೆವ್ವ ಭಾಗ್ಯಾಳಿಗಾಗಿ ಉಳ್ಳಾಗಡ್ಡಿ ಬಳ್ಳೊಳ್ಳಿ ಮುಟ್ಟಿಸದೆ ಬೇರೆಯೇ ಹೆಸರುಕಾಳಿನ ಪಲ್ಯ ಮಾಡಿದ್ದಳು. ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಭಾಗ್ಯಾ ತುತ್ತು ನಿಲ್ಲಿಸಿ ಹೇಳಿದಳು, "ಅವ್ವಾರ, ತಪ್ಪು ತಿಳೀಬ್ಯಾಡ್ರಿ. ನಾ ದನ-ನಾಯಿ ಡಾಕ್ಟರು, ಮನಷ್ಯಾರ ಬಗ್ಗೆ ಹೇಳೂ ಅಧಿಕಾರ ನನಗಿಲ್ಲ. ಆದರ ಅಜ್ಜಾರನ್ನ ಒಂದ ಸಲ ಛಲೋ ಡಾಕ್ಟರಿಗೆ ತೋರಿಸ್ರಿ. ನೀವು ಕಣ್ಣಿಲೆ ಹೇಳಿದ್ದು ನಾ ನೋಡೇನಿ."

ಶಂಕ್ರೆವ್ವನ ಕೈಯಲ್ಲಿದ್ದ ರೊಟ್ಟಿ ತವೆಯ ಮೇಲೆ ದಡ್ಡನೆ ಬಿತ್ತು.

"ನಾಯಿ ನೋಡಾಕ ಬಂದಿ, ನಾಯಿ ನೋಡಿ ಹೋಗವ್ವಾ. ನಮ್ಮ ಮನ್ಯಾವರಿಗೆ ಏನೂ ಆಗಿಲ್ಲ. ಈ ಊರಾಗಿನ ಎಲ್ಲಾರ ಹೊಲದ ಗಡಿ ಅವರ ಬಾಯಾಗ ಅದಾವ."

ಭಾಗ್ಯಾ ತಾಟು ತಾನೇ ತೊಳೆದಿಟ್ಟು, ಮುಂದಿನ ಸೋಮವಾರ ಚಿಗರಿಯ ನಿದ್ದೆ ನೋಡಲು ಬರುವೆನೆಂದು ಪರಮಾನಂದನಿಗೆ ಹೇಳಿ ಹೊರಟಳು.

ಸೋಮವಾರ ಅವಳು ಬಂದಾಗ ಶಂಕ್ರೆವ್ವ ಸರಿಯಾಗಿ ಮಾತಾಡಿಸಲಿಲ್ಲ. ಆದರೆ ಒಲೆಯ ಮೇಲೆ ಉಳ್ಳಾಗಡ್ಡಿಯಿಲ್ಲದ ಪಲ್ಯ ಆಗಲೇ ಕುದಿಯುತ್ತಿತ್ತು. ಸೊಸೆ ರಾಜಶ್ರೀ ಅದನ್ನು ನೋಡಿ ಅತ್ತೆಗೆ ಕಾಣದಂತೆ ಭಾಗ್ಯಾಳತ್ತ ನಕ್ಕಳು.

ಈ ಸಲದ ಸಾಮಾನು ಬೇರೆ. ಗುಂಡಿಯಷ್ಟು ಸಣ್ಣ ಬಿಲ್ಲೆಗಳು, ಅವುಗಳಿಗೆ ಕೂದಲಿನಷ್ಟು ತೆಳು ವೈರು, ಒಂದು ಲ್ಯಾಪ್‌ಟಾಪು. ಬಿಲ್ಲೆಗಳನ್ನು ಅಂಟಿನಿಂದ ಚಿಗರಿಯ ತಲೆಗೆ ಹಚ್ಚಿ ಅದು ಮಲಗಿದಾಗ ಮಿದುಳು ಏನು ಮಾಡುತ್ತದೆಂದು ನೋಡುವುದು. ನೋವಿಲ್ಲ, ಸೂಜಿಯಿಲ್ಲ. ಆದರೆ ಚಿಗರಿ ಮಲಗಬೇಕಲ್ಲ! ತಲೆ ಕೊಡವಿತು, ತಿರುತಿರುಗಿ ಸುತ್ತು ಹಾಕಿತು. ಕೊನೆಗೆ ಚನಮಲ್ಲಪ್ಪ ಚಾಪೆ ಹಾಸಿ ಅದರ ಪಕ್ಕ ಉರುಳಿ, ಹೊಟ್ಟೆಯ ಮೇಲೆ ಕೈಯಿಟ್ಟು, "ಸಾಕು ಬಾರಬೇ, ಬಿಸಲ ಭಾಳ ಐತಿ, ಮಲಕ್ಕೊ," ಎಂದ. ಚಿಗರಿ ಅವನ ಕಂಕುಳಿಗೆ ಮೂತಿ ತೂರಿಸಿತು. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ನಿದ್ದೆ ಹತ್ತಿತು, ಒಂದು ಉಸಿರು ಮೇಲೆ, ಒಂದು ಉಸಿರು ಕೆಳಗೆ.

ಶಂಕ್ರೆವ್ವ ಅಲ್ಲೇ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಪರದೆಯ ಮೇಲೆ ಗೆರೆಗಳು ಏರುತ್ತ ಇಳಿಯುತ್ತ ಸಾಗಿದ್ದವು. ನೋಡಬಾರದೆಂದುಕೊಂಡರೂ ಕಣ್ಣು ಅತ್ತಲೇ ಹೋಗುತ್ತಿತ್ತು.

ಎಚ್ಚರಾದ ಮೇಲೆ ಚನಮಲ್ಲಪ್ಪ ಕೂತಲ್ಲಿಂದಲೇ ಬಗ್ಗಿ ಪರದೆ ನೋಡಿದ. "ಈಕಿ ತಲಿಯಾಗ ಏನ ನಡದೈತಿ ಹೇಳವ್ವಾ. ಬಿಡಿಸಿ ಹೇಳು, ನನಗ ತಿಳೀತೈತಿ."

ಭಾಗ್ಯಾ ಹೇಳತೊಡಗಿದಳು. "ತಲಿಯಾಗ ಒಂದೊಂದ ಜಾಗಕ್ಕ ಒಂದೊಂದ ಕೆಲಸ ಐತ್ರಿ ಅಜ್ಜಾರ. ನೋಡೂದು ಒಂದ ಕಡೆ, ವಾಸನಿ ಒಂದ ಕಡೆ, ದಾರಿ ನೆನಪಿಡೂದು ಒಂದ ಕಡೆ. ಅವೆಲ್ಲಾ ದಿನಾ ಒಂದಕ್ಕೊಂದು ಮಾತಾಡತಾವು. ಶಂಕ್ರೆವ್ವಾರ ದನಿ ಕೇಳಿದ ಜಾಗ, ಮಾರಿ ನೋಡಿದ ಜಾಗ, ಹಳೇ ನೆನಪಿನ ಜಾಗ ಮೂರೂ ಮಾತಾಡಿಕೊಂಡಾಗ 'ಇಕಿ ನಮ್ಮಾಕಿ' ಅನ್ನೂದು ತಿಳೀತೈತಿ. ಚಿಗರಿಗೆ ಆ ಮಾತುಕತಿ ಕಮ್ಮಿ ಆಗೈತಿ. ಕಣ್ಣು ಛಲೋ ಅದಾವ, ಮೂಗೂ ಛಲೋ ಐತಿ. ನಡುವಿನ ಹೋಗಿ ಬರೂದು ಕಮ್ಮಿ."

"ಓಣಿ ಮಂದಿ ಒಬ್ಬರ ಮನಿಗೆ ಒಬ್ಬರು ಹೋಗೂದು ಬಿಟ್ಟಂಗ."

"ಹಂಗ ನೋಡ್ರಿ. ಮೊದಲ ನಾ ಇಲಿ ಮ್ಯಾಲ ಕೆಲಸ ಮಾಡತಿದ್ನಿ. ಅವಕ್ಕ ಮರೆವು ಬರೂ ಹಂಗ ಮಾಡಿರತಾರು. ಇಲಿ ದಾರಿ ತಪ್ಪೂ ಮೊದಲ ಈ ಮಾತುಕತಿ ಏರುಪೇರು ಆಗಿರತಿತ್ತು. ಆದರ ಇಲಿಗೆ ಆ ರೋಗ ನಾವ ತಂದ ಹಾಕೂದು. ನಾಯಿ ಹಂಗಲ್ಲ. ನಮ್ಮ ಜೋಡಿ ಇರತೈತಿ, ನಮ್ಮ ಜೋಡಿ ಮುದಿ ಆಗತೈತಿ, ಮನಷ್ಯಾರ ಮಿದುಳಿನ್ಯಾಗ ಕಟಗೊಳ್ಳೂ ಅಂಥದ್ದ ಕಸ ಅದರ ಮಿದುಳಿನ್ಯಾಗೂ ಕಟಗೊಳ್ಳತೈತಿ. ಅದಕ್ಕ ಚಿಗರಿಯಂಥಾವ್ರಿಂದ ನಮಗ ಭಾಳ ತಿಳೀತೈತಿ."

ಚನಮಲ್ಲಪ್ಪ ಚಿಗರಿಯ ಕಿವಿ ತೀಡುತ್ತ ಕೂತ. ಆಮೇಲೆ ಹವಾಮಾನ ಕೇಳುವವನಂತೆ ಕೇಳಿದ, "ನಂದೂ ಹಿಂಗ ಐತೇನು?"

ಶಂಕ್ರೆವ್ವನ ಕೈಯಲ್ಲಿದ್ದ ಮೊರ ನಿಂತಿತು.

"ಏನಂತೀರಿ?" ಎಂದಳು. "ನಿಮಗೇನಾಗೇತಿ?"

"ಶಂಕ್ರೀ," ಎಂದ ಅವನು, ಅವಳತ್ತ ತಿರುಗಿ. "ನನ್ನ ಹಿಂದ ನಿಂತು ನೀ ಹೆಸರ ಹೇಳತಿಯಲ್ಲ, ನನಗ ಗೊತ್ತಿಲ್ಲೇನು? ಅಮಸಿದ್ದ್ಯಾ ಬಂದಾಗ ಯಾರೀ ಮನಷ್ಯಾ ಅಂತ ಎದಿ ಡವಡವ ಅಂದಿತ್ತು. ನೀ ಒದರಿದಿ, ಉಳಕೊಂಡ್ನಿ."

"ಮತ್ತ ಒಂದ ಮಾತ ನನಗ ಹೇಳಬಾರದೇನ್ರಿ?"

"ಹೇಳಿದ್ರ ನೀ ಅಂಜತಿ ಅಂತ ಸುಮ್ನಿದ್ನಿ. ನೀ ಯಾಕ ಹೇಳಲಿಲ್ಲ?"

"ನೀವು ಅಂಜತೀರಿ ಅಂತ."

ಚನಮಲ್ಲಪ್ಪ ನಕ್ಕ. ಆ ನಗು ಕೇಳಿ ಶಂಕ್ರೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ವರ್ಷಪೂರ್ತಿ ಒಬ್ಬರಿಂದ ಒಬ್ಬರು ಮುಚ್ಚಿಟ್ಟದ್ದು ಒಂದೇ ಸಂಗತಿ. ಭಾಗ್ಯಾ ಲ್ಯಾಪ್‌ಟಾಪಿನ ವೈರು ಸುತ್ತುವುದರಲ್ಲಿ ಮುಳುಗಿದವಳಂತೆ ತಲೆ ತಗ್ಗಿಸಿದ್ದಳು. ಶಂಕ್ರೆವ್ವ ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟಳು. "ಅವತ್ತ ಸಿಟ್ಟಿಗೆದ್ದಿದ್ನಿ, ಮನಸಿಗೆ ಹಚ್ಚಿಕೋಬ್ಯಾಡ ತಂಗಿ. ಯಾವ ಡಾಕ್ಟರ ಕಡೆ ಹೋಗಬೇಕು ಹೇಳು."

ಪರಮಾನಂದ ಅಪ್ಪ ಅವ್ವನನ್ನು ಬೆಳಗಾವಿಗೆ ಕರೆದುಕೊಂಡು ಹೋದ. ರಕ್ತ ತೆಗೆದರು, ತಲೆಯ ಫೋಟೋ ತೆಗೆದರು, ತಿಂಗಳ ಹೆಸರು ಹಿಂದುಮುಂದಾಗಿ ಹೇಳಿಸಿದರು. ಮೈಯಲ್ಲಿ ಒಂದು ಜೀವಸತ್ವ ತೀರ ಕಡಿಮೆಯಾಗಿತ್ತು, ಅದಕ್ಕೆ ಇಂಜೆಕ್ಷನ್ ಶುರುವಾಯಿತು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಮರೆವಿನ ಕಾಯಿಲೆಯೂ ಕಾಲಿಟ್ಟಿದೆ ಎಂದರು ಡಾಕ್ಟರು. ಪೂರ್ತಿ ವಾಸಿ ಮಾಡುವ ಔಷಧ ಇಲ್ಲ, ಬೇಗ ಬಂದದ್ದು ಒಳ್ಳೆಯದಾಯಿತು, ಮಾತ್ರೆ ಕೊಡುತ್ತೇವೆ, ಇವರನ್ನು ಸುಮ್ಮನೆ ಕೂರಿಸಬೇಡಿ, ಜನರ ನಡುವೆ ಇಡಿ ಎಂದರು. ವಾಪಸು ಬರುವಾಗ ಗೋಕಾಕದ ಹತ್ತಿರ ಚಾ ಕುಡಿಯಲು ಇಳಿದಾಗ ಚನಮಲ್ಲಪ್ಪ ಮಗನಿಗೆ, "ಚಿಗರಿಗೂ ಡಾಕ್ಟರವ್ವ ಇದನ್ನ ಹೇಳಿದ್ಳಲ್ಲೋ!" ಎಂದ.

ಅದು ನಿಜವಾಗಿತ್ತು. ಒಂದೇ ಜಾಗದಲ್ಲಿ ಕಟ್ಟಬೇಡಿ, ದಿನಾ ತಿರುಗಾಡಿಸಿ, ಹೊಸ ಹೊಸ ವಾಸನೆ ತೋರಿಸಿ, ಒಂಟಿ ಬಿಡಬೇಡಿ ಎಂದು ಭಾಗ್ಯಾ ಹೇಳಿ ಹೋಗಿದ್ದಳು. ಹೀಗಾಗಿ ಆ ಮನೆಯಲ್ಲಿ ಇಬ್ಬರಿಗೂ ಒಂದೇ ಪಥ್ಯ ನಡೆಯಿತು. ಬೆಳಿಗ್ಗೆ ಮೂವರೂ ಕಾಲುವೆಯ ಕಡೆ ಹೊರಡುತ್ತಿದ್ದರು, ಮುಂದೆ ಚಿಗರಿ, ನಡುವೆ ಚನಮಲ್ಲಪ್ಪ, ಹಿಂದೆ ಶಂಕ್ರೆವ್ವ. ಒಂದು ದಿನ ಎಮ್ಮೆಗಳ ದಾರಿ, ಒಂದು ದಿನ ಮಾವಿನ ತೋಪಿನ ದಾರಿ. ಚನಮಲ್ಲಪ್ಪ ಪೇಟೆಯಲ್ಲಿ ಹೊಸ ಪ್ಲಾಸ್ಟಿಕ್ ಬಟ್ಟಲು ಕೊಂಡು ತಂದ. ಈಗ ರೊಟ್ಟಿ ಬಚ್ಚಿಡುವವಳು ಶಂಕ್ರೆವ್ವ, ಹುಡುಕುವವರು ಇಬ್ಬರು. ಇಬ್ಬರೂ ತಪ್ಪಿದರೆ ಅವನು, "ಇವತ್ತ ಇಬ್ಬರೂ ನಾಪಾಸು, ಆದರೂ ಉಪಾಸ ಕೆಡವಬ್ಯಾಡ," ಎನ್ನುತ್ತಿದ್ದ. ರೊಟ್ಟಿ ಮುರಿದು ಇಬ್ಬರಿಗೂ ಹಂಚುವುದು ಶಂಕ್ರೆವ್ವನ ಕೆಲಸವಾಗಿತ್ತು.

ಮುಚ್ಚುಮರೆ ಹೋದ ಮೇಲೆ ಅವನ ಬೆನ್ನು ನೆಟ್ಟಗಾಯಿತು. ಬಂದವರಿಗೆ ಮೊದಲೇ, "ನನಗ ಮರೆವಿನ ಬ್ಯಾನಿ ಐತಿ, ನಿಮ್ಮ ಹೆಸರ ಹೇಳಿ ಕುಂಡ್ರಿ," ಎಂದುಬಿಡುತ್ತಿದ್ದ. ಸುದ್ದಿ ತಿಳಿದ ಅಮಸಿದ್ದಪ್ಪ ಬೀಳಗಿಯಿಂದ ಬಂದಾಗಲೆಲ್ಲ ಹೊಸ್ತಿಲ ಹೊರಗೆ ನಿಂತು, ತನ್ನ ಹೆಸರು, ಅಪ್ಪನ ಹೆಸರು, ಊರು, ಇಬ್ಬರೂ ಕೂಡಿ ಆಡಿದ ಕುಸ್ತಿಯ ವಿವರ ಎಲ್ಲ ಡಂಗುರ ಸಾರಿದಂತೆ ಒದರಿಯೇ ಒಳಗೆ ಬರುತ್ತಿದ್ದ. ಓಣಿಯ ಹೆಂಗಸರು ಅದನ್ನು ಕೇಳಲೆಂದೇ ಕಟ್ಟೆಗೆ ಬರುತ್ತಿದ್ದರು.

ಮಾತ್ರೆ, ಇಂಜೆಕ್ಷನ್, ತಿರುಗಾಟ ಯಾವುದರಿಂದ ಎಷ್ಟು ಗುಣವಾಯಿತೋ, ಆ ಚಳಿಗಾಲದಲ್ಲಿ ಚನಮಲ್ಲಪ್ಪ ಹಗುರಾಗಿದ್ದ. ಚಿಗರಿ ಮಾತ್ರ ಇಳಿಯುತ್ತಲೇ ಹೋಯಿತು. ಯುಗಾದಿಯ ಹೊತ್ತಿಗೆ ಅದರ ಹಿಂಗಾಲು ಬಿದ್ದವು. ನೋಡಲು ಬಂದ ಭಾಗ್ಯಾ ಬಹಳ ಹೊತ್ತು ಅದರ ಪಕ್ಕ ಕೂತು, ಕೊನೆಗೆ ಹಿಂಜರಿಯುತ್ತ ಒಂದು ಮಾತು ಕೇಳಿದಳು. ಜೀವ ಹೋದ ಮೇಲೆ ಚಿಗರಿಯ ಮಿದುಳನ್ನು ಅಭ್ಯಾಸಕ್ಕೆ ಕೊಡುವಿರಾ? ನಿದ್ದೆಯಲ್ಲಿ ಕಂಡ ಗೆರೆಗಳಿಗೂ ಒಳಗೆ ಆದದ್ದಕ್ಕೂ ಏನು ಸಂಬಂಧವೆಂದು ಆಗ ತಿಳಿಯುತ್ತದೆ.

"ಸತ್ತ ಮ್ಯಾಲೂ ಕೊಯ್ಯಾಕ ಕೊಡೂದೇನು?" ಪರಮಾನಂದ ಮುಖ ಗಂಟಿಕ್ಕಿದ.

ಚನಮಲ್ಲಪ್ಪ ಚಿಗರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಆ ದಿನ ಅವನ ಮಾತು ಸ್ಪಷ್ಟವಾಗಿತ್ತು. "ಕೊಡೂಣೋ. ಈಕಿ ತಲಿ ನೋಡಿ ಮುಂದ ನಾಕ ಮಂದಿಗೆ ಅನುಕೂಲ ಆದ್ರ ಆಗಲಿ. ಓಡೂದಂತೂ ಎಲ್ಲಾರಿಗೂ ತೋರಿಸ್ಯಾಳು, ಇದನ್ನೂ ತೋರಿಸಲಿ. ಆದರ ಡಾಕ್ಟರವ್ವಾ, ಉಳಿದ ಚಿಗರಿನ್ನ ನಮಗ ತಂದ ಕೊಡಬೇಕು."

ಹಾಗೆಯೇ ಆಯಿತು. ಒಂದು ಬೆಳಿಗ್ಗೆ ಚಿಗರಿ ಅವನ ಕೈಯ ಕೆಳಗೇ ಉಸಿರು ಬಿಟ್ಟಿತು. ಭಾಗ್ಯಾ ಒಯ್ದು, ಸಂಜೆಯೊಳಗೆ ಬಿಳಿ ಬಟ್ಟೆ ಸುತ್ತಿ ತಾನೇ ತಂದುಕೊಟ್ಟಳು. ಹೊಲಿಗೆ ಹೊರಗೆ ಕಾಣದಷ್ಟು ನಾಜೂಕಾಗಿತ್ತು. ಹೊಲದ ಬದುವಿನಲ್ಲಿ ಬೇವಿನ ಗಿಡದ ಹತ್ತಿರ ಕುಣಿ ತೋಡಿಸಿದರು. ಶಂಕ್ರೆವ್ವ ಅದರ ಹಣೆಗೆ ವಿಭೂತಿ ಹಚ್ಚಿದಳು. ದೂರ ನಿಂತಿದ್ದ ಭಾಗ್ಯಾಳೂ ಹತ್ತಿರ ಬಂದು ಒಂದು ಹಿಡಿ ಮಣ್ಣು ಹಾಕಿದಳು.

ಕಷ್ಟ ಶುರುವಾದದ್ದು ಅದರ ಮರುವಾರ. "ಚಿಗರಿ ಎಲ್ಲಿ?" ಎಂದ ಚನಮಲ್ಲಪ್ಪ, ಬೆಳಗಿನ ತಿರುಗಾಟಕ್ಕೆ ಚಪ್ಪಲಿ ಮೆಟ್ಟುತ್ತ.

"ಸತ್ತಳಲ್ರಿ," ಎಂದುಬಿಟ್ಟಳು ಶಂಕ್ರೆವ್ವ. ಅವನು ಆಗಷ್ಟೇ ಸುದ್ದಿ ಕೇಳಿದವನಂತೆ ಬಾಗಿಲಲ್ಲೇ ಕುಸಿದು ಕೂತ. "ಯಾವಾಗ? ನನಗ್ಯಾಕ ಹೇಳಲಿಲ್ಲ?" ಆ ದುಃಖ ಹೊಸದಾಗಿತ್ತು, ಪೂರ್ತಿಯಾಗಿತ್ತು. ಸಂಜೆಗೆ ಮರೆತ. ಎರಡು ದಿನ ಬಿಟ್ಟು ಮತ್ತೆ ಕೇಳಿದ.

"ಹೊರಗ ಹೋಗೈತಿ, ಬರತೈತಿ ಅಂದ್ರಾತು ಬಿಡ್ರಿ ಅತ್ತಿ," ಎಂದಳು ರಾಜಶ್ರೀ. ಶಂಕ್ರೆವ್ವನಿಗೆ ಅದು ಬಾಯಲ್ಲಿ ಬರಲಿಲ್ಲ. ಹಿಂದೆ ವರ್ಷವಿಡೀ ಮುಚ್ಚಿಟ್ಟು ಸುಸ್ತಾಗಿತ್ತು, ಮತ್ತೆ ಗಂಡನ ಮುಂದೆ ಸುಳ್ಳು ಆಡುವುದು ಬೇಕಿರಲಿಲ್ಲ. ಹಾಗೆಂದು ಅವನನ್ನು ಎರಡು ದಿನಕ್ಕೊಮ್ಮೆ ಅದೇ ಸಾವಿಗೆ ಅಳುವಂತೆ ಮಾಡುವುದೂ ಆಗದು. ಮುಂದಿನ ಸಲ ಅವನು ಕೇಳಿದಾಗ ಅವಳಿಗೆ ತಾನಾಗಿಯೇ ಮಾತು ಬಂತು: "ಹೊಲದಾಗ ಅದಾಳ್ರಿ."

"ಹೌದಾ? ಬಿಸಲಾಗ ಯಾಕ ಹೋದ್ಳು," ಎಂದು ಅವನು ಚಾ ಕುಡಿದ. ಅವಳು ಹೇಳಿದ್ದು ಖರೇ ಆಗಿತ್ತು, ಅವನಿಗೆ ನೋವೂ ಆಗಲಿಲ್ಲ.

ಮಳೆಗಾಲ ಕಳೆದ ಮೇಲೆ ಭಾಗ್ಯಾ ಬಂದು ಅಭ್ಯಾಸದಲ್ಲಿ ಕಂಡದ್ದನ್ನು ಹೇಳಿದಳು. ಮನುಷ್ಯರಲ್ಲಿ ಕಾಣುವಂಥದೇ ಕಸ ಚಿಗರಿಯ ಮಿದುಳಲ್ಲಿತ್ತು. ಮಾತುಕತೆ ಕಡಿಮೆಯಾಗಿದೆ ಎಂದು ಗೆರೆಗಳು ಎಲ್ಲಿ ತೋರಿಸಿದ್ದವೋ ಅಲ್ಲೇ ನರದ ಎಳೆಗಳು ಸವೆದಿದ್ದವು. ಒಂದೇ ನಾಯಿಯಿಂದ ಏನೂ ಖಚಿತ ಹೇಳಲಾಗದು, ಇನ್ನೂ ಹಲವನ್ನು ನೋಡಬೇಕು ಎಂದಳು. ಚನಮಲ್ಲಪ್ಪನಿಗೆ ಅಂದು ಚಿಗರಿ ಇಲ್ಲವೆಂಬುದು ನೆನಪಿತ್ತು. ಎಲ್ಲ ಕೇಳಿ, "ಕಡೀಕ ಅಕಿ ನನ್ನ ಗುರುತ ಹಿಡೀತಿದ್ಳೇನು?" ಎಂದ.

"ಅದನ್ನ ಮಿದುಳು ನೋಡಿ ಹೇಳಾಕ ಬರೂದಿಲ್ರಿ ಅಜ್ಜಾರ," ಎಂದಳು ಭಾಗ್ಯಾ. "ಆದರ ನಾ ಎಷ್ಟ ಸಲ ಬಂದ್ರೂ ನಿಮ್ಮ ಕೈ ಮ್ಯಾಲಿದ್ದಾಗಷ್ಟ ಅಕಿ ನಿದ್ದಿ ಮಾಡಿದ್ಳು. ಇಷ್ಟು ನಾ ಹೇಳಬಲ್ಲೆ."

ಒಂದು ಸಂಜೆ ಅವನು ಮತ್ತೆ ಕೇಳಿದ. "ಹೊಲದಾಗ ಅದಾಳ್ರಿ," ಎಂದಳು ಶಂಕ್ರೆವ್ವ. ಅಂದು ಅವನು ಅಷ್ಟಕ್ಕೇ ಬಿಡಲಿಲ್ಲ. "ಹಂಗಾರ ಹೋಗಿ ನೋಡೂಣು ನಡಿ."

ಶಂಕ್ರೆವ್ವ ಹಿಂಜರಿದಳು, ಆದರೂ ಹೊರಟಳು. ಬೇವಿನ ಗಿಡದ ಹತ್ತಿರ ಬಂದಾಗ ಅವನು ನಿಂತ. ಮಣ್ಣಿನ ದಿಬ್ಬದ ಮೇಲೆ ಕರಕಿ ಹುಲ್ಲು ಬೆಳೆದಿತ್ತು. ಬಹಳ ಹೊತ್ತು ನೋಡಿ, "ಇಲ್ಲೇ ಇಟ್ಟೀವಲ್ಲ," ಎಂದ, ತಾನೇ. ಅವಳು ಅವನ ತೋಳು ಹಿಡಿದಳು. ಅವನು ಅಳಲಿಲ್ಲ. ಬದುವಿನ ಮೇಲೆ ಕೂತು, ಅವಳಿಗೂ ಜಾಗ ಮಾಡಿಕೊಟ್ಟು, ಚಿಗರಿಯನ್ನು ತಂದ ದಿನದ ಕತೆ ಹೇಳತೊಡಗಿದ. ಮುಧೋಳಕ್ಕೆ ಟ್ರ್ಯಾಕ್ಟರಿನ ಸಾಮಾನು ತರಲು ಹೋದದ್ದು, ಗ್ಯಾರೇಜಿನವನ ಮನೆಯ ಹಿಂದೆ ಮರಿಗಳ ಗುಂಪು ನೋಡಿದ್ದು, ಒಂದು ಮರಿ ಬಂದು ಅವನ ಚಪ್ಪಲಿಯ ಮೇಲೇ ನಿದ್ದೆ ಹೋದದ್ದು. ಒಂದು ಮಾತೂ ತಪ್ಪಲಿಲ್ಲ, ಗ್ಯಾರೇಜಿನವನ ಅಂಗಿಯ ಬಣ್ಣ ಕೂಡ. ಶಂಕ್ರೆವ್ವ ಎಷ್ಟೋ ಸಲ ಕೇಳಿದ ಕತೆ, ಆದರೂ "ಆಮ್ಯಾಲ?" ಎಂದಳು.

"ಆಮ್ಯಾಲ ಇನ್ನೊಂದ ಮರಿನೂ ಬೆನ್ನ ಹತ್ತಿತು," ಎಂದ ಚನಮಲ್ಲಪ್ಪ. "ಎರಡನ್ನೂ ಟ್ರ್ಯಾಕ್ಟರದಾಗ ಹಾಕಿದ್ನಿ. ಊರ ದಾಟಿದ ಮ್ಯಾಲ ನಿನ್ನ ಮಾರಿ ನೆನಪಾತು, ಬೈತಿ ಅಂತ ಅಂಜಿ ತಿರುಗಿ ಹೋಗಿ ಒಂದನ್ನ ಬಿಟ್ಟ ಬಂದ್ನಿ."

ಇದನ್ನು ಅವನು ಯಾವತ್ತೂ ಹೇಳಿರಲಿಲ್ಲ.

"ನಾ ಯಾಕ ಬೈತಿದ್ನಿ?" ಎಂದಳು ಶಂಕ್ರೆವ್ವ ಸೋಗಿನ ಸಿಟ್ಟಿನಿಂದ. "ಎರಡನ್ನೂ ತರಬೇಕಿತ್ತು."

"ಈಗ ಅಂತಿ," ಎಂದು ಅವನು ನಕ್ಕ. ಅವನ ಚಪ್ಪಲಿಗೆ ಹತ್ತಿದ ಕೆಸರನ್ನು ಅವಳು ಒಂದು ಕಡ್ಡಿಯಿಂದ ತೆಗೆಯುತ್ತ, ಆ ಎರಡನೇ ಮರಿಯ ಬಣ್ಣ ಯಾವುದಿತ್ತೆಂದು ಕೇಳಿದಳು.